ಮಾಲೆಯ ಎರಡು ಸೇತುವೆಗಳು

2024ರ ಜನವರಿ ನೆನಪಿದೆಯಾ? ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಮಾತು, ಮಾಲ್ಡೀವ್ಸ್‌ಗೆ ಯಾರೂ ಹೋಗಬೇಡಿ ಅಂತ. ಅಲ್ಲಿನ ಮೂವರು ಉಪಸಚಿವರು ನಮ್ಮ ಪ್ರಧಾನಿಯ ಬಗ್ಗೆ ಕೆಟ್ಟದಾಗಿ ಬರೆದಿದ್ದರು. ಅದು ತಪ್ಪೇ, ಅವರದೇ ಸರ್ಕಾರ ಅವರನ್ನು ಅಮಾನತು ಮಾಡಿತು. ಆದರೆ 'ಉಂಡ ಮನೆಗೆ ಎರಡು ಬಗೆಯುವವರು' ಅಂತ ಇಡೀ ದೇಶವನ್ನೇ ಬೈದದ್ದು ನನಗೆ ಇವತ್ತಿಗೂ ಸರಿ ಅನಿಸಿಲ್ಲ.

ಅವರ ಜಾಗದಲ್ಲಿ ನಿಂತು ನೋಡಿ. ಸುಮಾರು 5 ಲಕ್ಷ ಜನ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತಲೂ ಕಡಿಮೆ. ಅಷ್ಟು ಜನ 190ರಷ್ಟು ದ್ವೀಪಗಳಲ್ಲಿ ಹಂಚಿಹೋಗಿದ್ದಾರೆ. ಸೇತುವೆ, ಬಂದರು, ವಿಮಾನ ನಿಲ್ದಾಣ ಎಲ್ಲವನ್ನೂ ಸ್ವಂತ ದುಡ್ಡಲ್ಲಿ ಕಟ್ಟೋಕೆ ಆಗುತ್ತಾ? ಸಾಲ ತರಲೇಬೇಕು. ಭಾರತದಿಂದಲೂ ತರುತ್ತಾರೆ, ಚೀನಾದಿಂದಲೂ ತರುತ್ತಾರೆ. ಇದರಲ್ಲಿ ದ್ರೋಹ ಏನಿದೆ?

ಅವರು ಎಡವಿದ್ದು ಬೇರೆ ಕಡೆ. 2010ರಲ್ಲಿ ರಾಜಧಾನಿ ಮಾಲೆಯ ವಿಮಾನ ನಿಲ್ದಾಣವನ್ನು 25 ವರ್ಷಕ್ಕೆ ಭಾರತದ ಜಿಎಂಆರ್ ಕಂಪನಿಯ ಕೂಟಕ್ಕೆ ನಡೆಸೋಕೆ ಕೊಟ್ಟರು. ಹೈದರಾಬಾದ್ ನಿಲ್ದಾಣ ಕಟ್ಟಿದ ಕಂಪನಿಯೇ ಇದು. ಪ್ರಯಾಣಿಕರಿಂದ 25 ಡಾಲರ್ ಶುಲ್ಕ ವಸೂಲಿ ಮಾಡೋ ವಿಷಯಕ್ಕೆ ಗಲಾಟೆ ಶುರುವಾಯಿತು, ಕೋರ್ಟ್ ಮೆಟ್ಟಿಲೂ ಹತ್ತಿತು. 2012ರಲ್ಲಿ ಅಧ್ಯಕ್ಷರು ಬದಲಾದರು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಸರ್ಕಾರ ಒಪ್ಪಂದವನ್ನೇ ರದ್ದು ಮಾಡಿತು. ಅಲ್ಲಿನ ರಾಜಕಾರಣಿಗಳಿಗೆ ಚಪ್ಪಾಳೆ ಸಿಕ್ಕಿರಬಹುದು. ಆದರೆ ವ್ಯಾಜ್ಯ ಮಧ್ಯಸ್ಥಿಕೆಗೆ ಅಂತ ಸಿಂಗಾಪುರಕ್ಕೆ ಹೋಯಿತು, 2016ರಲ್ಲಿ ಸುಮಾರು 27 ಕೋಟಿ ಡಾಲರ್ ಪರಿಹಾರ ಕಟ್ಟಬೇಕಾಯಿತು. ಆಮೇಲೆ ಅದೇ ನಿಲ್ದಾಣಕ್ಕೆ ಹೊಸ ರನ್‌ವೇ ಹಾಕಿದ್ದು ಚೀನಾದ ಕಂಪನಿ.

ಆ 27 ಕೋಟಿ ಎಷ್ಟು ದೊಡ್ಡದು ಗೊತ್ತಾ? ಮಾಲೆಯಿಂದ ವಿಮಾನ ನಿಲ್ದಾಣದ ದ್ವೀಪಕ್ಕೆ ಚೀನಾ ಕಟ್ಟಿಕೊಟ್ಟ ಸಿನಾಮಾಲೆ ಸೇತುವೆಗೆ ಆದ ಖರ್ಚು ಸುಮಾರು 20 ಕೋಟಿ ಡಾಲರ್. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಚೀನಾ ಸುಮ್ನೆ ಕೊಟ್ಟದ್ದು. ಅಂದರೆ ಒಂದು ಒಪ್ಪಂದ ಮುರಿದದ್ದಕ್ಕೆ ತೆತ್ತ ದುಡ್ಡಲ್ಲಿ ಅಂಥದ್ದೊಂದು ಸೇತುವೆಯನ್ನು ತಾವೇ ಕಟ್ಟಬಹುದಿತ್ತು! ಇದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಆ ದುಡ್ಡು ಮೀನು ಹಿಡಿಯುವವರದು, ಹೋಟೆಲ್‌ಗಳಲ್ಲಿ ದುಡಿಯುವವರದು.

ಈಗಿನ ಅಧ್ಯಕ್ಷ ಮುಯಿಝು ಸಿವಿಲ್ ಎಂಜಿನಿಯರ್. ಸಿನಾಮಾಲೆ ಸೇತುವೆ ಆಗುವಾಗ ಮೂಲಸೌಕರ್ಯ ಸಚಿವರಾಗಿದ್ದವರು ಅವರೇ. ಭಾರತದ ಸೈನಿಕರು ಹೊರಡಲಿ ಅನ್ನೋ 'ಇಂಡಿಯಾ ಔಟ್' ಅಲೆಯಲ್ಲಿ 2023ರಲ್ಲಿ ಗೆದ್ದರು. ಹೇಳಿದಂತೆ ಅಲ್ಲಿದ್ದ ನಮ್ಮ ಸೈನಿಕರನ್ನು ವಾಪಸ್ ಕಳಿಸಿದರು. ಆದರೆ ಭಾರತದ 40 ಕೋಟಿ ಡಾಲರ್ ಸಾಲ, 10 ಕೋಟಿ ನೆರವಿನಲ್ಲಿ ನಡೆಯುತ್ತಿರುವ ತಿಲಮಾಲೆ ಸೇತುವೆಯ ಗುತ್ತಿಗೆ ಮುಟ್ಟಲಿಲ್ಲ. 2024ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದು ಕೈಕುಲುಕಿದರು, ತಮ್ಮ ಹಣ ಕೊಟ್ಟು ಡಾಲರ್ ಪಡೆಯುವ 40 ಕೋಟಿ ಡಾಲರ್ ಕರೆನ್ಸಿ ವಿನಿಮಯದ ಆಸರೆಯನ್ನೂ ಪಡೆದರು. ಕೆಲವರು ಇದನ್ನು ಊಸರವಳ್ಳಿತನ ಅಂತಾರೆ. ನನಗೆ ಹಾಗೆ ಕಾಣಲ್ಲ. ಜಿಎಂಆರ್ ಪಾಠ ಅವರಿಗೆ ನೆನಪಿದೆ, ಅಷ್ಟೇ. ಬಾಯಲ್ಲಿ ಏನೇ ಅಂದರೂ, ಸಹಿ ಹಾಕಿದ ಕಾಗದ ಹರಿಯಲಿಲ್ಲ.

ಮಾಲೆಯ ಪೂರ್ವಕ್ಕೆ ಚೀನಾದ ಸೇತುವೆ, ಪಶ್ಚಿಮಕ್ಕೆ ನಮ್ಮದು. ನಮ್ಮದು ವಿಲ್ಲಿಮಾಲೆ ದ್ವೀಪ ದಾಟಿ ತಿಲಫುಶಿ ದ್ವೀಪದವರೆಗೆ ಹೋಗಬೇಕು, 6.74 ಕಿಲೋಮೀಟರ್. 2021ರಲ್ಲಿ ಗುತ್ತಿಗೆ ಕೊಟ್ಟದ್ದು, ಮೊದಲು ಹೇಳಿದ್ದ ಗಡುವು ಯಾವತ್ತೋ ದಾಟಿದೆ. ಬಾಯ್ಕಾಟ್ ಅಂತ ಕೂಗಿದ ಗೆಳೆಯರು ಈಗ ಕೇಳಬೇಕಾದ್ದು ಇದನ್ನು. ವಿಲ್ಲಿಮಾಲೆಯ ಜನ ಫೆರಿ ಇಳಿದು ನಮ್ಮ ಸೇತುವೆ ಮೇಲೆ ಓಡಾಡೋದು ಯಾವಾಗ?