ತೊಂಬತ್ತೆಂಟಕ್ಕೊಂದು ಮೈಸೂರು ಪೇಟ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕಳೆದ ಭಾನುವಾರ ಒಂದು ಸನ್ಮಾನ ನಡೆಯಿತು. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಯಾವುದಕ್ಕೂ ಕಮ್ಮಿ ಇರಲಿಲ್ಲ. ಸನ್ಮಾನಿತರು ಒಬ್ಬ ನಿವೃತ್ತ ಎಂಜಿನಿಯರು. ಸಾಧನೆ: ಎಚ್‌ಡಿಎಲ್ 98.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಎಚ್‌ಡಿಎಲ್ ಅಂದರೆ ಒಳ್ಳೇದು. ಗಂಡಸರಿಗೆ ಎಚ್‌ಡಿಎಲ್ ಅಂಕ 40 ದಾಟಿದರೆ ಪಾಸು, ಹೆಂಗಸರಿಗೆ 50. 60 ಮುಟ್ಟಿದರೆ ಫಸ್ಟ್ ಕ್ಲಾಸು. ನಮ್ಮ ಪಾರ್ಕಿನಲ್ಲಿ ಈಗ ಮಕ್ಕಳ ಮಾರ್ಕ್ಸ್ ಯಾರೂ ಕೇಳುವುದಿಲ್ಲ. ಮಕ್ಕಳೆಲ್ಲ ಅಮೆರಿಕ ಸೇರಿ ವರ್ಷಗಳಾದವು. ಈಗ ಅಪ್ಪಂದಿರ ಮಾರ್ಕ್ಸ್ ಕಾರ್ಡಿನ ಕಾಲ. ಬೆಳಿಗ್ಗೆ ಹುಡುಗನೊಬ್ಬ ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾನೆ. ಮಧ್ಯಾಹ್ನಕ್ಕೆ ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್. ಸಂಜೆ ಕಲ್ಲುಬೆಂಚಿನ ಮೇಲೆ ಮೌಲ್ಯಮಾಪನ. ಹದಿನಾಲ್ಕು ಪುಟದ ರಿಪೋರ್ಟಿನಲ್ಲಿ ಬೆರಳು ಸರಸರ ಜಾರಿ ಒಂದೇ ಸಾಲಿನ ಮೇಲೆ ನಿಲ್ಲುತ್ತದೆ.

ನಮ್ಮ ಸಂಘದ ಖಜಾಂಚಿಯವರದು 34. ದಪ್ಪ ಅಕ್ಷರ, ಪಕ್ಕದಲ್ಲಿ ಕೆಳಮುಖದ ಬಾಣ. ಆ ಬಾಣ ನೋಡಿದ ಮೇಲೆ ಲೆಕ್ಕದ ಪುಸ್ತಕ ಬೇರೆಯವರ ಕೈಗೆ ಕೊಡೋಣ ಎಂಬ ಮಾತೂ ಬಂದಿತ್ತಂತೆ. ‘ಒಳ್ಳೇದು’ ಕಮ್ಮಿ ಇರುವ ಮನುಷ್ಯ, ನೋಡಿ! 2014ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದಲ್ಲಿ, ರಕ್ತ ಕೊಟ್ಟ ನೂರರಲ್ಲಿ 70ಕ್ಕೂ ಜಾಸ್ತಿ ಜನರ ಎಚ್‌ಡಿಎಲ್ ಕಡಿಮೆಯೇ ಇತ್ತು. ಹಾಗೆ ನೋಡಿದರೆ ಬಹುಮತ ಖಜಾಂಚಿಯವರದೇ.

ಸನ್ಮಾನಿತರು ತಮ್ಮ ಗುಟ್ಟು ಹೇಳಿದರು. ಬೆಳಿಗ್ಗೆ ಬಿಸಿನೀರು, ಎರಡು ಎಸಳು ಬೆಳ್ಳುಳ್ಳಿ, ಅಡುಗೆಗೆ ಕಡಲೆಕಾಯಿ ಎಣ್ಣೆ. ಬಾಟಲಿಯನ್ನೂ ತಂದು ಎತ್ತಿ ತೋರಿಸಿದರು. ಅದರ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಹಸಿರು ಅಕ್ಷರ. ಕೊಲೆಸ್ಟ್ರಾಲ್ ಬರುವುದು ಪ್ರಾಣಿಗಳಿಂದ. ಕಡಲೆಕಾಯಿಯಲ್ಲಿ ಅದು ಎಂದಿತ್ತು? ಬಾಳೆಹಣ್ಣಿನ ಮೇಲೆ ‘ಮೂಳೆ ತೆಗೆದಿದೆ’ ಎಂದು ಚೀಟಿ ಅಂಟಿಸಿದ ಹಾಗಾಯ್ತು. ಅಷ್ಟರಲ್ಲಿ ಪಕ್ಕದವರು ನನ್ನ ಕಿವಿಯಲ್ಲಿ, “ಸಂಜೆ ಏಳರ ಮೇಲಿನ ಎರಡು ಪೆಗ್ಗು ಹೇಳೋದು ಮರೆತರು ಸಾರ್” ಎಂದರು. ಮದ್ಯಕ್ಕೆ ಎಚ್‌ಡಿಎಲ್ ಏರುವುದು ನಿಜವೇ. ಆದರೆ ಪೇಟ ಸಂದದ್ದು ಬೆಳ್ಳುಳ್ಳಿಗೆ.

ಆಮೇಲೆ ಅಧ್ಯಕ್ಷರು ಮೈಕನ್ನು ನನ್ನ ಕೈಗೆ ತುರುಕಿದರು. “ನೀವು ಬರೆಯೋರು, ಎರಡು ಮಾತಾಡಿ.” ನಾನು ನಿಜವಾಗಿಯೂ ಮಾತಾಡಿಬಿಟ್ಟೆ. ಅದೇ ತಪ್ಪಾಯಿತು.

ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯ ಕಥೆ ಹೇಳಿದೆ. ಫೈಝರ್ ಕಂಪನಿಯದು. 15,000 ಜನರ ಮೇಲೆ ಪರೀಕ್ಷೆ. ಎಚ್‌ಡಿಎಲ್ ಶೇ 72ರಷ್ಟು ಏರಿತು, ಅಂದರೆ ನಮ್ಮ ಪಾರ್ಕಿನ ಲೆಕ್ಕದಲ್ಲಿ ಎಲ್ಲರಿಗೂ ರ‍್ಯಾಂಕು. ಆದರೆ ಮಾತ್ರೆ ನುಂಗದವರಿಗಿಂತ ನುಂಗಿದವರೇ ಜಾಸ್ತಿ ಸತ್ತರು. 2006ರ ಡಿಸೆಂಬರ್‌ನಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಅದರ ತಮ್ಮಂದಿರಾದ ಡಾಲ್ಸೆಟ್ರಾಪಿಬ್, ಎವಾಸೆಟ್ರಾಪಿಬ್ ಕೂಡ ಅಂಕ ಏರಿಸಿದವು, ಹೃದಯಾಘಾತ ತಪ್ಪಿಸಲಿಲ್ಲ. 2012ರಲ್ಲಿ ಒಂದಕ್ಕೆ, 2015ರಲ್ಲಿ ಇನ್ನೊಂದಕ್ಕೆ ಮಂಗಳಾರತಿ.

“ಅದು ಹೇಗ್ರೀ?” ಎಂದರು ಅಧ್ಯಕ್ಷರು. ನಮ್ಮ ಬೀದಿಯ ಕಸದ ಆಟೊ ನೆನಪಿಸಿದೆ. ಎಚ್‌ಡಿಎಲ್ ಕೆಲಸವೂ ಅದೇ, ರಕ್ತನಾಳದ ಗೋಡೆಯ ಕೊಬ್ಬನ್ನು ಎತ್ತಿ ಲಿವರ್‌ಗೆ ಸಾಗಿಸುವುದು. ಲ್ಯಾಬಿನವರು ಎಣಿಸುವುದು ಬೀದಿಯಲ್ಲಿ ಎಷ್ಟು ಆಟೊ ಇವೆ ಎಂದು. ಮೂಲೆಯ ಗುಡ್ಡೆ ಎತ್ತಿದರೋ ಇಲ್ಲವೋ ಅದರಲ್ಲಿ ಗೊತ್ತಾಗುವುದಿಲ್ಲ. ನಮ್ಮ ಕ್ರಾಸಿನಲ್ಲಿ ಮೂರು ಆಟೊ ನಿಂತಿರುತ್ತವೆ, ಕಸವೂ ಇರುತ್ತದೆ, ಅಲ್ವಾ? ಇದಕ್ಕೆ ಮಾತ್ರ ಎಲ್ಲರೂ ತಲೆಯಾಡಿಸಿದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಾಲಿಗೆ ಕೇಳಲಿಲ್ಲ. ಡೆನ್ಮಾರ್ಕ್‌ನಲ್ಲಿ ಲಕ್ಷಕ್ಕೂ ಮಿಕ್ಕಿ ಜನರನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ವರದಿ ಮಾಡಿದ್ದಾರೆ. ಎಚ್‌ಡಿಎಲ್ ತೀರಾ ಕಡಿಮೆ ಇದ್ದವರ ಹಾಗೆ ತೀರಾ ಜಾಸ್ತಿ ಇದ್ದವರಲ್ಲೂ ಸಾವು ಹೆಚ್ಚು ಎಂದೆ. ಪೇಟದ ಕೆಳಗಿನ ಮುಖ ಬಾಡಿತು. ಅಧ್ಯಕ್ಷರು ಕೆಮ್ಮಿದರು. ವಿಷಯ ಬದಲಿಸೋಣ ಎಂದು ಇಟಲಿಗೆ ಹೋದೆ. ಗಾರ್ಡಾ ಸರೋವರದ ದಡದಲ್ಲಿ ಲಿಮೋನೆ ಎಂಬ ಊರಿದೆ. ಅಲ್ಲಿ ಕೆಲವು ಮನೆತನಗಳಲ್ಲಿ ಎಚ್‌ಡಿಎಲ್ ಪಾತಾಳದಲ್ಲಿದೆ, ಆದರೂ ಹೃದಯ ಗಟ್ಟಿ. ಹಿರಿಯರಿಂದ ಬಂದ ಒಂದು ಬದಲಾದ ಪ್ರೋಟೀನು ಅದಕ್ಕೆ ಕಾರಣವಂತೆ. ಮೂಲ ಹುಡುಕುತ್ತಾ ಹೋದವರು ಚರ್ಚಿನ ಕಡತಗಳಲ್ಲಿ 18ನೇ ಶತಮಾನ ಮುಟ್ಟಿದರು.

“ಸಮಯದ ಅಭಾವ” ಎಂದು ಅಧ್ಯಕ್ಷರು ಮೈಕ್ ಕಿತ್ತುಕೊಂಡರು. ವಂದನಾರ್ಪಣೆ ಆಯಿತು. ಹೃದಯದ ಆರೋಗ್ಯದ ಕಾರ್ಯಕ್ರಮವಾದ್ದರಿಂದ ಬೋಂಡಾ ತಲೆಗೆ ಎರಡೇ.

ಹೊರಡುವಾಗ ಖಜಾಂಚಿಯವರು ಓಡಿಬಂದು ನನ್ನ ಕೈ ಹಿಡಿದುಕೊಂಡರು. ಆರು ತಿಂಗಳಲ್ಲಿ ಆ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ. “ಸಾರ್, ಆ ಊರಿನ ಹೆಸರು ಇನ್ನೊಮ್ಮೆ ಹೇಳಿ.”

“ಲಿಮೋನೆ. ಆದರೆ ಅದು ಅವರೊಬ್ಬರ ಅದೃಷ್ಟ. ನಮ್ಮಲ್ಲಿ ಎಚ್‌ಡಿಎಲ್ ಇಳಿಯೋದು ಹೊಟ್ಟೆಯಿಂದ, ಶುಗರಿನಿಂದ, ಸಿಗರೇಟಿನಿಂದ. ನೀವು ಎಲ್‌ಡಿಎಲ್, ಬಿಪಿ ಎಲ್ಲಾ ತಗೊಂಡು ಒಮ್ಮೆ ಡಾಕ್ಟರ ಹತ್ತಿರ...”

“ಅದಿರಲಿ ಸಾರ್. ನಮ್ಮ ತಾಯಿ ಕಡೆಯವರು ಮೊದಲಿಂದಲೂ ಸ್ವಲ್ಪ ಬೆಳ್ಳಗೇ ಇದ್ದರು” ಎಂದವರೇ, ಗೇಟಿನಾಚೆ ಹೋಗಿ ಸಿಗರೇಟು ಹಚ್ಚಿದರು.