ಒಲೆ ಹೊತ್ತಿಸಿದರೆ ಮಾತ್ರ ಉಳಿಯುವ ಮನೆಗಳು

ಮನೆಯನ್ನು ಅದರ ನೆಲದಿಂದ ಕಿತ್ತು ಬೇರೆಡೆ ನಿಲ್ಲಿಸಿದರೆ ಅದರ ಜೀವ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಟೋಕಿಯೋದ ಕೊಗಾನೆಯಿ ಉದ್ಯಾನದಲ್ಲಿರುವ ಎಡೊ-ಟೋಕಿಯೋ ಬಯಲು ವಾಸ್ತುಸಂಗ್ರಹಾಲಯವನ್ನು ನೋಡಿ ಬಂದ ಮೇಲೆ ಆ ವಾದವನ್ನು ಒಪ್ಪಲು ನನಗೆ ಸಾಧ್ಯವೇ ಆಗುತ್ತಿಲ್ಲ.

ಟೋಕಿಯೋ 1923ರ ಭೂಕಂಪಕ್ಕೆ ಸುಟ್ಟಿತು, 1945ರ ಬಾಂಬ್ ದಾಳಿಗೆ ಮತ್ತೆ ಸುಟ್ಟಿತು. ಅಳಿದುಳಿದದ್ದನ್ನು ಹೊಸ ಕಟ್ಟಡಗಳು ನುಂಗುತ್ತಾ ಬಂದವು. ಹಾಗೆ ಇದ್ದಲ್ಲೇ ಉಳಿಸಲಾಗದ ಕಟ್ಟಡಗಳನ್ನು ಬಿಚ್ಚಿ ತಂದು ಇಲ್ಲಿ ಮರಳಿ ಕಟ್ಟಿದ್ದಾರೆ. 1993ರಲ್ಲಿ ತೆರೆದ ಈ ಆವರಣದಲ್ಲಿ ಈಗ ಅಂಥ 30 ಕಟ್ಟಡಗಳಿವೆ. ಕಚ್ಚು ಕೊರೆದು ಕೂಡಿಸಿದ ಮರದ ಮನೆಗಳಾದ್ದರಿಂದಲೇ ಇದು ಸಾಧ್ಯವಾಯಿತು.

ರೈತರ ಹುಲ್ಲುಮಾಡಿನ ಮನೆಯೊಳಗೆ ಚಪ್ಪಲಿ ಕಳಚಿ ಹೋದರೆ ನಡುಮನೆಯಲ್ಲಿ 'ಇರೋರಿ' ಎಂಬ ಚೌಕಾಕಾರದ ಒಲೆ. ಅದರಲ್ಲಿ ನಿಜವಾದ ಬೆಂಕಿ! ಸ್ವಯಂಸೇವಕರು ಸೌದೆ ಒಟ್ಟುತ್ತಾ, ಬಂದವರೊಡನೆ ಮಾತನಾಡುತ್ತಾ ಕುಳಿತಿರುತ್ತಾರೆ. ಇದು ತೋರಿಕೆಗಾಗಿ ಹೊತ್ತಿಸಿದ್ದಲ್ಲ. ಹೊಗೆ ಮೇಲೇರಿ ಹುಲ್ಲಿನ ತೇವ ಆರಿಸುತ್ತದೆ, ಹುಳ ಓಡಿಸುತ್ತದೆ, ತೊಲೆಗಳಿಗೆ ಮಸಿ ಹಿಡಿಸುತ್ತದೆ. ಒಲೆ ಆರಿದರೆ ಮಾಡು ಬೇಗ ಕೊಳೆಯುತ್ತದೆ. ಗಾಜಿನ ಪೆಟ್ಟಿಗೆಯ ಸಂರಕ್ಷಣೆಗಿಂತ ಇದು ಎಷ್ಟೋ ಮೇಲು.

ಹಣಕಾಸು ಸಚಿವರಾಗಿದ್ದ ತಕಹಾಶಿ ಕೊರೆಕಿಯೊ ಅವರ ಮನೆಯೂ ಇಲ್ಲಿದೆ. 1936ರ ಫೆಬ್ರವರಿ 26ರ ಮುಂಜಾವಿನಲ್ಲಿ ದಂಗೆಯೆದ್ದ ಸೇನಾಧಿಕಾರಿಗಳು ಅವರನ್ನು ಕೊಂದದ್ದು ಇದರ ಮಹಡಿಯಲ್ಲೇ. ಆ ಕೋಣೆಗೂ ಮೆಟ್ಟಿಲು ಹತ್ತಿ ಹೋಗಬಹುದು. ಹಳೆಯ ಗಾಜಿನ ಆಚೆ ತೋಟದ ಮರಗಳು ತುಸು ಅಲುಗಿದಂತೆ ಕಾಣುತ್ತವೆ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪೂರ್ವ ಭಾಗದ ಅಂಗಡಿಬೀದಿ. ಸೋಯಾ ಸಾಸ್ ಮಾರುವ ಅಂಗಡಿ, ಕೊಡೆ ಸಗಟು ಮಾರಾಟದ ಅಂಗಡಿ, ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಸೆಳೆಖಾನೆಗಳಿರುವ ಲೇಖನ ಸಾಮಗ್ರಿಯ ಅಂಗಡಿ. ಅರಮನೆ, ದೇವಾಲಯಗಳನ್ನು ಯಾರಾದರೂ ಉಳಿಸುತ್ತಾರೆ. ಕೊಡೆ ಅಂಗಡಿಯನ್ನು ಉಳಿಸಲು ಬೇರೆಯದೇ ಕಣ್ಣು ಬೇಕು. ನಮ್ಮ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದ್ದೂ ಇಂಥದೇ ಹಟದಿಂದ.

ಬೀದಿಯ ತುದಿಯಲ್ಲಿ 1929ರ ಸಾರ್ವಜನಿಕ ಸ್ನಾನಗೃಹ 'ಕೊಡಕರಾ-ಯು' ಇದೆ. ಮುಂಭಾಗ ಗುಡಿಯಂತೆ ಬಾಗಿದ ಮಾಡು, ಒಳಗೆ ಗೋಡೆಯ ಮೇಲೆ ಫುಜಿ ಪರ್ವತದ ಚಿತ್ರ. ತೊಟ್ಟಿಗಳು ಮಾತ್ರ ಒಣಗಿವೆ. ಹಳೆಯ ಕೊಳವೆಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ರೈತನ ಮನೆಯಲ್ಲಿ ಬೆಂಕಿ ಉರಿಸುವಷ್ಟು ಧೈರ್ಯವಿರುವವರು ವರ್ಷಕ್ಕೊಮ್ಮೆಯಾದರೂ ಈ ತೊಟ್ಟಿಗಳಿಗೆ ಬಿಸಿನೀರು ತುಂಬಿಸಬೇಕು. ಚಳಿಗಾಲದಲ್ಲಾದರೆ ನಾನು ಸರತಿಯಲ್ಲಿ ನಿಲ್ಲಲು ಸಿದ್ಧ.