ಒಂದು ಸಂಜೆ, ಮೂರು ಬಾರ್, ಎಲ್ಲೂ ಕೂರಲಿಲ್ಲ

ನಿನ್ನೆ ರಾತ್ರಿ ಮನೆ ಮುಟ್ಟಿದೆ. ಸೂಟ್‌ಕೇಸ್ ಇನ್ನೂ ಬಾಗಿಲ ಹತ್ತಿರವೇ ಇದೆ. ಅದನ್ನು ಬಿಚ್ಚುವ ಮುಂಚೆ ಇದನ್ನು ಬರೆದುಬಿಡಬೇಕು. ಐದು ದಿನದಿಂದ ಮನಸ್ಸಿನಲ್ಲಿ ಕುದಿಯುತ್ತಿದೆ.

ತಮ್ಮನ ಮಗಳು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿರುವುದು ನಿಮಗೆಲ್ಲ ಗೊತ್ತು. ಅವಳನ್ನು ನೋಡಲು ಹೋಗಿದ್ದೆ. ಅಲ್ಲಿಂದ ಚೆಕ್ ದೇಶದ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಇಬ್ಬರೂ ಹೊರಟೆವು. "ಅತ್ತೆ, ಶುಕ್ರವಾರ ಸಂಜೆಗೆ ಪಬ್ ಕ್ರಾಲ್ ಬುಕ್ ಮಾಡಿದೀನಿ. ಬೇಡ ಅನ್ಬೇಡಿ" ಅಂದಳು. ನಾನು ಬೇಡ ಅನ್ನಲಿಲ್ಲ. ಖುಷಿಯಿಂದಲೇ ಒಪ್ಪಿಕೊಂಡೆ.

ಪಬ್ ಕ್ರಾಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಬ್ಬ ಗೈಡ್ ಇರುತ್ತಾನೆ. ದುಡ್ಡು ಕಟ್ಟಿದವರ ಕೈಗೆ ಕಾಗದದ ಪಟ್ಟಿ ಸುತ್ತುತ್ತಾನೆ. ಎಲ್ಲರನ್ನೂ ಗುಂಪು ಮಾಡಿಕೊಂಡು ಒಂದೇ ಸಂಜೆ ಮೂರು ನಾಲ್ಕು ಬಾರ್‌ಗೆ ಕರೆದುಕೊಂಡು ಹೋಗುತ್ತಾನೆ. ಊರು ಗೊತ್ತಿರುವವನ ಜೊತೆ ಹೋದರೆ ಒಳ್ಳೆಯ ಜಾಗಗಳು ಸಿಗುತ್ತವೆ, ಊರಿನವರ ಜೊತೆ ನಾಲ್ಕು ಮಾತಾಡಬಹುದು ಅಂತ ನಾನು ಅಂದುಕೊಂಡಿದ್ದೆ.

ಅದರಲ್ಲೂ ಅದು ಪ್ರಾಗ್. ಜಗತ್ತಿನಲ್ಲಿ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಅತಿ ಜಾಸ್ತಿ ಬಿಯರ್ ಕುಡಿಯುವುದು ಚೆಕ್ ಜನರೇ. ಇವತ್ತು ನಾವು ಬೆಂಗಳೂರಿನಲ್ಲಿ ಕುಡಿಯುವ ಹೊಂಬಣ್ಣದ ತಿಳಿ ಬಿಯರ್ ಇದೆಯಲ್ಲ, ಅದರ ಮೂಲ ಅಲ್ಲಿಯ ಪ್ಲ್ಜೆನ್ ಎಂಬ ಊರು. 1838ರಲ್ಲಿ ಆ ಊರಿನವರು ಬಿಯರ್ ಕೆಟ್ಟಿದೆ ಅಂತ ಸಿಟ್ಟಾಗಿ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚೆಲ್ಲಿದರು. ಆಮೇಲೆ ಊರಿನವರೇ ಸೇರಿ ಹೊಸ ಕಾರ್ಖಾನೆ ಕಟ್ಟಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. ಅವನು 1842ರಲ್ಲಿ ಮಾಡಿದ್ದೇ ಆ ಹೊಂಬಣ್ಣದ ಬಿಯರ್, ಪಿಲ್ಸ್‌ನರ್. ಕೆಟ್ಟ ಬಿಯರ್ ಅಂದರೆ ಬೀದಿಗೆ ಸುರಿಯುವ ಜನ ಅವರು.

ಅಂಥ ದೇಶದ ರಾಜಧಾನಿಯಲ್ಲಿ ನನ್ನ ಕೈಗೆ ಬಂದದ್ದು ಪ್ಲಾಸ್ಟಿಕ್ ಲೋಟ. ಅದರಲ್ಲಿ ನೊರೆ ಸತ್ತ, ಬೆಚ್ಚಗಿನ ಬಿಯರ್.

ಮೊದಲನೆಯ ಬಾರ್ ಒಂದು ನೆಲಮಾಳಿಗೆ. ಒಂದು ಗಂಟೆ ಎಷ್ಟು ಬೇಕಾದರೂ ಕುಡಿಯಬಹುದು ಅಂತ ಗೈಡ್ ಕೂಗಿದ. ಸುಮಾರು ನಲವತ್ತು ಜನ ಇದ್ದೆವು. ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿ ಒಂದರ ಮೇಲೆ ಒಂದು ಪೇರಿಸಿದ್ದರು. ಯಾರೂ ಕೂರಬಾರದು ಅಂತಲೇ ಹಾಗೆ ಮಾಡಿದ್ದರು. ನಾನು ಒಂದು ಕುರ್ಚಿ ಇಳಿಸಿಕೊಳ್ಳಲು ಹೋದೆ. ಅಲ್ಲಿ ಕೆಲಸ ಮಾಡುವ ಹುಡುಗ ಬಂದು ಬೇಡ ಅಂತ ಕೈ ಆಡಿಸಿದ.

ನನ್ನ ಸಿಟ್ಟು ಶುರುವಾದದ್ದು ಅಲ್ಲೇ. ಕುಡಿಯುವ ಜಾಗದಲ್ಲಿ ಕೂರಬೇಕು. ಕೂತು ಮಾತಾಡಬೇಕು. ಪಕ್ಕದವರು ಯಾರು ಅಂತ ನೋಡಬೇಕು. ಸುಮ್ನೆ ಕೂತರೂ ಆಯಿತು. ಕೂರಲು ಬಿಡದ ಮೇಲೆ ಅದೆಂಥ ಬಾರ್?

ಏಳು ಗಂಟೆಗೆ ಶಿಳ್ಳೆ. ನಿಜವಾಗಲೂ ಶಿಳ್ಳೆ, ಗೈಡ್ ಕೊರಳಲ್ಲಿ ನೇತುಹಾಕಿಕೊಂಡಿದ್ದ. ಎರಡನೆಯ ಬಾರ್‌ಗೆ ನಡೆದೆವು. ಅಲ್ಲಿ ಸಾಲಾಗಿ ಕೆಂಪು, ಹಸಿರು ಬಣ್ಣದ ಪುಟ್ಟ ಲೋಟಗಳು. ಏನು ಹಾಕಿದ್ದೀರಿ ಅಂತ ಕೇಳಿದೆ. "ಶಾಟ್" ಅಂದ. ಯಾವುದರದ್ದು ಅಂತ ಮತ್ತೆ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.

ಆ ನಡುವೆ ಹುಸೋವಾ ಬೀದಿಯಲ್ಲಿ ಹಾದು ಹೋದೆವು. ಅಲ್ಲಿ ಚಿನ್ನದ ಹುಲಿ ಎಂಬ ಹೆಸರಿನ ಹಳೆಯ ಪಬ್ ಇದೆ. 1994ರಲ್ಲಿ ಚೆಕ್ ಅಧ್ಯಕ್ಷ ಹಾವೆಲ್ ಅವರು ಅಮೆರಿಕದ ಅಧ್ಯಕ್ಷ ಕ್ಲಿಂಟನ್‌ರನ್ನು ಕರೆದುಕೊಂಡು ಹೋಗಿ ಬಿಯರ್ ಕುಡಿಸಿದ್ದು ಇಲ್ಲೇ. ದೊಡ್ಡ ಅತಿಥಿ ಬಂದರೆ ನಮ್ಮ ಊರಿನ ಮಾಮೂಲಿ ಪಬ್‌ನಲ್ಲೇ ಕೂರಿಸುತ್ತೇವೆ ಅಂತ ಒಂದು ದೇಶದ ಅಧ್ಯಕ್ಷರಿಗೆ ಅನ್ನಿಸಿತ್ತು. ಎಷ್ಟು ಚೆಂದ ಅಲ್ವಾ? ಗೈಡ್ ಅದರ ಬಾಗಿಲ ಕಡೆ ಕತ್ತು ಸಹ ತಿರುಗಿಸಲಿಲ್ಲ. ಅವನಿಗೆ ಮೂರನೆಯ ಬಾರ್‌ಗೆ ತಡವಾಗುತ್ತಿತ್ತು.

ಎಂಟಕ್ಕೆ ಹಳೆ ಊರಿನ ಚೌಕದಲ್ಲಿದ್ದೆವು. ಅಲ್ಲಿಯ ಗಡಿಯಾರ 1410ರದ್ದು. ಗಂಟೆಗೊಂದು ಸಲ ಅದರ ಕಿಟಕಿ ತೆರೆದು ಬೊಂಬೆಗಳು ಸಾಲಾಗಿ ಬಂದು ಹೋಗುತ್ತವೆ. ಕೆಳಗೆ ಅಸ್ಥಿಪಂಜರದ ಬೊಂಬೆ ಗಂಟೆ ಎಳೆಯುತ್ತದೆ. ಸರಿಯಾಗಿ ಆ ಹೊತ್ತಿಗೇ ಅಲ್ಲಿದ್ದೆವು. ನಮ್ಮ ಗುಂಪಿನಲ್ಲಿ ತಲೆ ಎತ್ತಿದವರು ನಾವಿಬ್ಬರೇ. ಉಳಿದವರು ಕುಡಿಯುವ ಆಟ ಆಡುತ್ತಿದ್ದರು. ನೆಲದ ಕಲ್ಲಿನ ಗುರುತಿನ ಮೇಲೆ ಕಾಲಿಟ್ಟು ಜಿಗಿಯುವ ಆಟ.

ಆ ಗುರುತು ಏನು ಗೊತ್ತಾ? ಬಿಳಿ ಕಲ್ಲಿನ ಶಿಲುಬೆಗಳು. ಒಟ್ಟು 27. ಆಗ ಆ ನಾಡನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ವಂಶದ ದೊರೆಯ ವಿರುದ್ಧ ಎದ್ದ 27 ಮಂದಿಯನ್ನು 1621ರ ಜೂನ್ 21ರಂದು ಆ ಚೌಕದಲ್ಲಿ ಕೊಂದರು. ಅವರ ನೆನಪಿಗೆ ಒಬ್ಬೊಬ್ಬರಿಗೆ ಒಂದೊಂದು ಶಿಲುಬೆ. ಗೈಡ್ ಒಂದು ಮಾತು ಹೇಳಿದ್ದರೆ ಆ ಹುಡುಗರು ಖಂಡಿತ ಪಕ್ಕಕ್ಕೆ ಸರಿಯುತ್ತಿದ್ದರು. ಅವರು ಕೆಟ್ಟ ಹುಡುಗರಲ್ಲ. ಹೇಳುವವರು ಇರಲಿಲ್ಲ. ನನಗೆ ಅಳು ಬಂತು. ಗೈಡ್ ಅಂತ ಕರೆಸಿಕೊಳ್ಳುವವನ ಕೆಲಸ ಮತ್ತೇನು?

ರಾತ್ರಿ ಈ ಮಾತು ಎತ್ತಿದಾಗ ತಮ್ಮನ ಮಗಳು ನನ್ನ ಮೇಲೆ ರೇಗಿದಳು. "ಅತ್ತೆ, ನಿಮಗೆ ಜೊತೆಗೆ ನಾನಿದ್ದೆ. ಒಬ್ಬಳೇ ಬಂದಿರೋ ಹುಡುಗಿ ಗೊತ್ತಿಲ್ಲದ ಊರಲ್ಲಿ ಬಾರ್ ಬಾಗಿಲು ತಳ್ಳಿ ಒಳಗೆ ಹೋಗ್ತಾಳಾ? ಗುಂಪಿದ್ರೆ ಧೈರ್ಯ ಇರುತ್ತೆ. ನಾನು ಡ್ರೆಸ್ಡೆನ್‌ಗೆ ಬಂದ ಮೊದಲ ತಿಂಗಳು ಒಬ್ಬರ ಹತ್ರಾನೂ ಮಾತಾಡಿರ್ಲಿಲ್ಲ. ಇಂಥದ್ದೇ ಒಂದು ಗುಂಪಲ್ಲಿ ಇಬ್ಬರು ಫ್ರೆಂಡ್ಸ್ ಸಿಕ್ಕಿದ್ರು."

ಅವಳು ಒಂದು ತಿಂಗಳು ಯಾರ ಹತ್ತಿರವೂ ಮಾತಾಡದೆ ಇದ್ದಳು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಯಾವಾಗಲೂ ಚೆನ್ನಾಗಿದ್ದೀನಿ ಅನ್ನುತ್ತಿದ್ದಳು. ಆ ಮಾತು ನನ್ನನ್ನು ಚುಚ್ಚಿತು. ಒಂಟಿತನಕ್ಕೆ ಗುಂಪು ಬೇಕು, ಒಪ್ಪಿದೆ. ಆದರೆ ಧೈರ್ಯದ ಮಾತು? ಅದನ್ನು ಒಪ್ಪಲಾರೆ. ಅದೇ ರಾತ್ರಿ ನಡೆದದ್ದನ್ನು ಅವಳೂ ನೋಡಿದ್ದಾಳೆ.

ಮೂರನೆಯ ಬಾರ್‌ನಿಂದ ಹೊರಟಾಗ ಗೈಡ್ ತಲೆ ಎಣಿಸಲಿಲ್ಲ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಮೇಷ್ಟ್ರು ಬಸ್ ಹತ್ತುವಾಗ ಎಣಿಸುತ್ತಾರೆ. ಇವನು ಎಣಿಸಲಿಲ್ಲ. ಗುಂಪು ಮುಂದೆ ಹೋಯಿತು. ನಾವು ಹಿಂದೆ ಇದ್ದೆವು. ಒಂದು ಮನೆಯ ಮೆಟ್ಟಿಲ ಮೇಲೆ ನಮ್ಮ ಗುಂಪಿನದೇ ಹುಡುಗಿ ಕೂತಿದ್ದಳು. ಇಪ್ಪತ್ತರ ಆಸುಪಾಸು. ಒಬ್ಬಳೇ ಬಂದವಳು. ವಾಂತಿ ಮಾಡಿಕೊಂಡಿದ್ದಳು. ಎದ್ದು ನಿಲ್ಲಲು ಆಗುತ್ತಿರಲಿಲ್ಲ. ತಮ್ಮನ ಮಗಳು ಓಡಿಹೋಗಿ ಗೈಡ್‌ಗೆ ಹೇಳಿದಳು. ಅವಳು ದೊಡ್ಡವಳು, ಅವಳ ಜವಾಬ್ದಾರಿ ಅವಳದ್ದು ಅಂದು ಅವನು ಮುಂದೆ ನಡೆದ.

ನಾವು ಅಲ್ಲೇ ಉಳಿದೆವು. ಅವಳ ಕೂದಲು ಹಿಡಿದುಕೊಂಡು ಬೆನ್ನು ಸವರುತ್ತಾ ಕೂತೆ. ಮೇಲೆ ಎರಡನೆಯ ಮಹಡಿಯ ಕಿಟಕಿ ತೆರೆಯಿತು. ಬೈಗುಳ ಬರುತ್ತದೆ ಅಂದುಕೊಂಡೆ. ಬರುವುದು ನ್ಯಾಯವೂ ಆಗಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಒಬ್ಬ ಅಜ್ಜಿ ಬಂದರು. ಮನೆಯ ಚಪ್ಪಲಿ, ಮೇಲೊಂದು ಉಣ್ಣೆಯ ಶಾಲು. ಕೈಯಲ್ಲಿ ನೀರಿನ ಬಾಟಲಿ, ಒದ್ದೆ ಬಟ್ಟೆ. "ವೋದಾ" ಅಂದರು. ಅಂದರೆ ನೀರು. ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ನಮಗೆ ಅವರದ್ದು ಬರುವುದಿಲ್ಲ. ಹುಡುಗಿಯ ಮುಖ ಅವರೇ ಒರೆಸಿದರು. ಆಮೇಲೆ ಬಕೆಟ್ ತಂದು ಮೆಟ್ಟಿಲು ತೊಳೆಯಲು ಶುರು ಮಾಡಿದರು. ನಾನು ಅವರ ಕೈಯಿಂದ ಪೊರಕೆ ಕಿತ್ತುಕೊಳ್ಳಲು ಹೋದೆ. ಕೊಡಲು ಒಪ್ಪಲಿಲ್ಲ. ನಾನೂ ಬಿಡಲಿಲ್ಲ.

ಆ ಹುಡುಗಿಯನ್ನು ಅವಳ ಹಾಸ್ಟೆಲ್ ಬಾಗಿಲವರೆಗೆ ಬಿಟ್ಟು ಬಂದೆವು.

ನನಗೆ ಆ ಅಜ್ಜಿಯ ಮುಖದಲ್ಲಿ ಅಮ್ಮ ಕಂಡರು. ಸಕಲೇಶಪುರದ ನಮ್ಮ ಮನೆಯ ಎದುರು ಈಗ ಎರಡು ಹೋಮ್‌ಸ್ಟೇ ಆಗಿವೆ. ಶನಿವಾರ ರಾತ್ರಿ ಒಂದು ಗಂಟೆಯವರೆಗೂ ಹಾಡು, ಕೂಗು. ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾರೆ. ಭಾನುವಾರ ಬೆಳಿಗ್ಗೆ ಗೇಟಿನ ಮುಂದಿನ ಬಾಟಲಿ ಹೆಕ್ಕುತ್ತಾರೆ. ಬಂದವರಿಗೆ ಅದು ಎರಡು ದಿನದ ಮಜಾ. ಅಮ್ಮನಿಗೆ ಅದು ಪ್ರತಿ ವಾರ. ಇದನ್ನೆಲ್ಲ ಗೊತ್ತಿದ್ದೂ ನಾನು ದುಡ್ಡು ಕೊಟ್ಟು ಇನ್ನೊಬ್ಬರ ಬೀದಿಯಲ್ಲಿ ಅದೇ ಗುಂಪಿನ ಜೊತೆ ನಡೆದೆ. ಅದಕ್ಕೆ ನನಗೆ ನಾಚಿಕೆ ಇದೆ.

ಪ್ರಾಗ್ ನಗರದವರಿಗೂ ಸಾಕಾಗಿಯೇ 2024ರ ಅಕ್ಟೋಬರ್‌ನಲ್ಲಿ ಒಂದು ನಿಯಮ ತಂದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗೈಡ್ ಜೊತೆ ಗುಂಪಾಗಿ ಬಾರ್ ಸುತ್ತುವಂತಿಲ್ಲ. ನಮ್ಮ ಗೈಡ್ ಏನು ಮಾಡಿದ ಅಂತ ಮರುದಿನ ಗುಂಪಿನ ಇನ್ನೊಬ್ಬ ಹುಡುಗ ಸಿಕ್ಕಿ ಹೇಳಿದ. ಹತ್ತು ಗಂಟೆಗೆ ಎಲ್ಲರ ಫೋನಿಗೆ ಒಂದು ಕ್ಲಬ್‌ನ ಲೊಕೇಶನ್ ಕಳಿಸಿದನಂತೆ. ಈಗ ನಾನು ಗೈಡ್ ಅಲ್ಲ, ನೀವು ನೀವೇ ನಡೆದು ಬನ್ನಿ ಅಂದನಂತೆ. ಕೇಳಿ ಮೈ ಉರಿಯಿತು.

ಇಷ್ಟೊಂದು ಸಿಟ್ಟು ಯಾಕೆ ಅಂತ ನೀವು ಕೇಳಬಹುದು. ಇಲ್ಲಿ ಹಿಂದೆ ಯಾವತ್ತೂ ಬರೆಯದ ಒಂದು ವಿಷಯ ಬರೆಯುತ್ತೇನೆ. ಅಪ್ಪ ಕುಡಿಯುತ್ತಿದ್ದರು. ಎಸ್ಟೇಟಿನಲ್ಲಿ ರೈಟರ್ ಆಗಿದ್ದರು ಅಂತ ಮಾತ್ರ ನಿಮಗೆ ಗೊತ್ತು. ಸಂಬಳದ ದಿನ ಬಸ್ ಸ್ಟ್ಯಾಂಡ್ ಹತ್ತಿರದ ವೈನ್ ಶಾಪ್‌ನಲ್ಲಿ ಕ್ವಾರ್ಟರ್ ತೆಗೆದುಕೊಂಡು ನಿಂತೇ ಗಟಗಟ ಮುಗಿಸುತ್ತಿದ್ದರು. ಯಾರಾದರೂ ನೋಡುವ ಮುಂಚೆ ಮುಗಿಯಬೇಕಿತ್ತು. ನೀರು ಬೆರೆಸುವಷ್ಟೂ ಪುರುಸೊತ್ತು ಇರುತ್ತಿರಲಿಲ್ಲ. ಒಂದು ದಿನವೂ ಕೂತು, ನಿಧಾನವಾಗಿ, ನಮ್ಮ ಜೊತೆ ಮಾತಾಡುತ್ತಾ ಕುಡಿದವರಲ್ಲ. ಇವತ್ತಿಗೂ ನಮ್ಮೂರುಗಳಲ್ಲಿ ಅದೇ ನಡೆಯುತ್ತಿದೆ. 90 ಎಂಎಲ್ ಪ್ಯಾಕೆಟ್ಟಿನ ತುದಿಯನ್ನು ಹಲ್ಲಿನಲ್ಲಿ ಹರಿದು, ಗೋಡೆ ಕಡೆ ಮುಖ ಮಾಡಿ ಗಂಟಲಿಗೆ ಸುರಿದುಕೊಳ್ಳುವುದು. ಆ ನೆಲಮಾಳಿಗೆಯಲ್ಲಿ ನಲವತ್ತು ಜನ ನಿಂತುಕೊಂಡು ಲೋಟದ ಮೇಲೆ ಲೋಟ ಮುಗಿಸುವುದನ್ನು ನೋಡಿದಾಗ ನನಗೆ ಆ ವೈನ್ ಶಾಪ್ ಗೋಡೆಯೇ ಕಣ್ಣ ಮುಂದೆ ಬಂತು. ಅಲ್ಲಿ ಅವಮಾನದ ಅವಸರ. ಇಲ್ಲಿ ಶಿಳ್ಳೆಯ ಅವಸರ.

ಮರುದಿನ ನಾವಿಬ್ಬರೇ ಹೊರಟೆವು. ಉಳಿದುಕೊಂಡಿದ್ದದ್ದು ಝಿಝ್ಕೋವ್ ಎಂಬ ಬಡಾವಣೆಯಲ್ಲಿ. ಅಲ್ಲಿ ಬೀದಿ ಬೀದಿಗೂ ಪಬ್ ಇದೆ. ಹೊಸ್ಪೊದಾ ಅನ್ನುತ್ತಾರೆ. ಮಧ್ಯಾಹ್ನ ನಾಲ್ಕು ಗಂಟೆ. ಬಾಗಿಲು ತಳ್ಳುವಾಗ ನನಗೂ ಹೆದರಿಕೆ ಇತ್ತು. ಒಳಗೆ ಮರದ ಬೆಂಚುಗಳು. ಒಂದು ಮೇಜಿನಲ್ಲಿ ಇಬ್ಬರು ಮುದುಕರು, ಕೆಳಗೆ ನಾಯಿ ಮಲಗಿತ್ತು. ಜಾಗ ಇದೆಯಾ ಅಂತ ಕೈಯಲ್ಲೇ ಕೇಳಿದೆವು. ಸರಿದು ಕೂತರು.

ಬಿಯರ್ ಸುರಿಯುವವರಿಗೆ ಅಲ್ಲಿ ವಿಚೆಪ್ನಿ ಅನ್ನುತ್ತಾರೆ. ಅದು ಗೌರವದ ಕೆಲಸ. ಅವರು ಗಾಜಿನ ಮಗ್ಗನ್ನು ತಣ್ಣೀರಿನಲ್ಲಿ ತೊಳೆದರು. ಓರೆಯಾಗಿ ಹಿಡಿದು ಮೊದಲು ನೊರೆ ಬಿಟ್ಟರು. ಆಮೇಲೆ ನೊರೆಯ ಅಡಿಯಿಂದ ಬಿಯರ್ ತುಂಬಿತು. ಮೇಲೆ ಮೂರು ಬೆರಳು ಗಟ್ಟಿ ನೊರೆ. ಹಾಗೆ ತುಂಬಿದ್ದಕ್ಕೆ ಹ್ಲಾದಿಂಕಾ ಅಂತ ಹೆಸರು. ನೊರೆ ಜಾಸ್ತಿ ಇದ್ದರೆ ಶ್ನಿತ್. ಪೂರ್ತಿ ನೊರೆಯೇ ಇದ್ದರೆ ಮ್ಲೀಕೊ, ಅಂದರೆ ಹಾಲು. ಹಾಸನದ ಕಡೆ ಹೋಟೆಲ್‌ನಲ್ಲಿ ಕಾಫಿಯನ್ನು ಎತ್ತರದಿಂದ ಸುರಿದು ನೊರೆ ಬರಿಸುವವರನ್ನು ನಾನು ಚಿಕ್ಕವಳಿದ್ದಾಗ ಹೀಗೇ ಕಣ್ಣು ಬಿಟ್ಟು ನೋಡುತ್ತಿದ್ದೆ. ಬಿಯರ್‌ಗೆ ಹುರಿದ ಚೀಸ್ ಜೊತೆಯಾಯಿತು.

ಮೇಜಿನ ಮೇಲೆ ಒಂದು ಉದ್ದನೆಯ ಚೀಟಿ ಇಟ್ಟರು. ಒಂದು ಬಿಯರ್‌ಗೆ ಒಂದು ಗೀಟು. ಯಾರೂ ಎದ್ದೇಳಿ ಅನ್ನಲಿಲ್ಲ. ಮುದುಕರಲ್ಲಿ ಒಬ್ಬರು ಮಗ್ ಎತ್ತಿ "ನಾ ಜ್ದ್ರಾವಿ" ಅಂದರು. ಹೇಳುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಅಂತ ಸನ್ನೆಯಲ್ಲೇ ಹೇಳಿಕೊಟ್ಟರು. ಐದೂವರೆಗೆ ಒಬ್ಬ ಹೆಂಗಸು ಕೆಲಸದ ಚೀಲ ಹೊತ್ತುಕೊಂಡು ಬಂದಳು. ಆ ಮುದುಕರಲ್ಲಿ ಒಬ್ಬರ ಮಗಳು. ಅಪ್ಪನ ಪಕ್ಕ ಕೂತಳು. ಅವಳಿಗೊಂದು ಬಿಯರ್ ಬಂತು. ಅಪ್ಪ ಏನೋ ಹೇಳಿದರು, ಅವಳು ನಕ್ಕಳು. ನಾನು ಅವರನ್ನು ಸ್ವಲ್ಪ ಜಾಸ್ತಿಯೇ ಹೊತ್ತು ನೋಡಿದೆ. ತಮ್ಮನ ಮಗಳು ಮೇಜಿನ ಅಡಿಯಲ್ಲಿ ನನ್ನ ಕೈ ಹಿಡಿದುಕೊಂಡಳು. ಅವಳಿಗೂ ಅಜ್ಜನ ವಿಷಯ ಗೊತ್ತು.

ಅಲ್ಲಿ ಕುಡಿದು ಹಾಳಾದವರು ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಲ್ಲ ಕಡೆ ಇದ್ದಾರೆ. ಆದರೆ ಆ ಬೆಂಚಿನಲ್ಲಿ ಕೂತ ಎರಡು ಗಂಟೆ ನನಗೆ ಆ ಊರು ಸಿಕ್ಕಿತು. ಆ ಮೂರು ಬಾರ್‌ಗಳಲ್ಲಿ ಸಿಕ್ಕಿರಲಿಲ್ಲ.

ಏಳುವಾಗ ನಮ್ಮ ಚೀಟಿಯಲ್ಲಿ ಮೂರೇ ಗೀಟು. ನನ್ನವು ಎರಡು, ಅವಳದ್ದು ಒಂದು.

ಪ್ರಾಗ್‌ಗೆ ಹೋಗುವವರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಆ ಹೊಸ್ಪೊದಾ ಇರುವ ಬೀದಿ ಎಲ್ಲಿ, ಯಾವ ಟ್ರಾಮ್ ಹತ್ತಬೇಕು ಅಂತ ಹೇಳುತ್ತೇನೆ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಇದ್ದರೆ ಮೊದಲು ನನಗೆ ಫೋನ್ ಮಾಡಿ. ತಮ್ಮನ ಮಗಳು ಡ್ರೆಸ್ಡೆನ್‌ನಿಂದ ಬಂದು ಜೊತೆಗೆ ಕೂರುತ್ತಾಳಂತೆ. ಅವಳೇ ಬರೆಯಲು ಹೇಳಿದಳು.